ವ್ಯಸನ, ತುಡಿತ ಮತ್ತು ಮಿದುಳಿನ ಚಿತ್ರ: ಮೆಲ್ಬರ್ನ್ ಹಾಗೂ ಸಿಡ್ನಿಯ ಸಂಶೋಧನೆಗಳು ತೋರಿಸುವುದೇನು?

ಕನ್ನಡದಲ್ಲಿ 'ವ್ಯಸನ' ಎಂಬ ಪದಕ್ಕೆ ಎರಡು ಅರ್ಥಗಳಿವೆ. ಒಂದು, ಬಿಡಲಾಗದ ಚಟ, ಇನ್ನೊಂದು, ದುಃಖ. ಜೈನ ಗ್ರಂಥಗಳು ಹೇಳುವ ಸಪ್ತವ್ಯಸನಗಳಲ್ಲಿ ಮೊದಲನೆಯ ಅರ್ಥವಿದೆ. 'ಅವನ ಸ್ಥಿತಿ ಕಂಡು ವ್ಯಸನವಾಯಿತು' ಎನ್ನುವಾಗ ಎರಡನೆಯದು. ಕುಡಿತ, ಗಾಂಜಾ, ಜೂಜುಗಳಿಗೆ ಸಿಲುಕಿದವರ ಮನೆಗಳಲ್ಲಿ ಈ ಎರಡು ಅರ್ಥಗಳೂ ಒಂದೇ ಸೂರಿನಡಿ ವಾಸಿಸುತ್ತವೆ. ಸಿಡ್ನಿ, ಮೆಲ್ಬರ್ನ್ ನಗರಗಳ ಕನ್ನಡ ಕುಟುಂಬಗಳು ಇದಕ್ಕೆ ಹೊರತಲ್ಲ. ಹೊರಗೆ ಹೇಳಿಕೊಳ್ಳುವವರು ಕಡಿಮೆ, ಅಷ್ಟೆ.

ಇಂತಹ ಮನೆಗಳಲ್ಲಿ ಏಳುವ ಒಂದು ಪ್ರಶ್ನೆ ಸಹಜವಾದದ್ದು. ಎದೆ ನೋವಿಗೆ ಇ.ಸಿ.ಜಿ. ಇದೆ, ಮುರಿದ ಮೂಳೆಗೆ ಎಕ್ಸ್-ರೇ ಇದೆ. ಹಾಗಾದರೆ ಮಿದುಳಿನ ಸ್ಕ್ಯಾನ್ ಮಾಡಿಸಿದರೆ ಈ ಚಟ ಕಾಣಿಸುವುದಿಲ್ಲವೇ? ಪ್ರಶ್ನೆಯ ಹಿಂದೆ ಕುತೂಹಲಕ್ಕಿಂತ ಹೆಚ್ಚಾಗಿ ಒಂದು ಆಸೆ ಇರುತ್ತದೆ. ಇದು ಗುಣದೋಷವಲ್ಲ, ಕಾಯಿಲೆ ಎಂದು ಬಂಧುಗಳ ಮುಂದೆ ಇಡಬಹುದಾದ ಸಾಕ್ಷ್ಯವೊಂದು ಬೇಕಾಗಿರುತ್ತದೆ. ಉತ್ತರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಒಬ್ಬ ವ್ಯಕ್ತಿಯ ಸ್ಕ್ಯಾನ್ ನೋಡಿ 'ಈತ ವ್ಯಸನಿ' ಎಂದು ಹೇಳಬಲ್ಲ ಪರೀಕ್ಷೆ ಇಂದಿಗೂ ಇಲ್ಲ. ಆದರೆ ಜನರ ಗುಂಪುಗಳನ್ನು ಹೋಲಿಸಿದಾಗ ಮಿದುಳಿನ ಚಿತ್ರಗಳು ಕೆಲವು ಮುಖ್ಯ ಸಂಗತಿಗಳನ್ನು ತೋರಿಸಿಕೊಟ್ಟಿವೆ. ಅವುಗಳಲ್ಲಿ ಗಣನೀಯ ಭಾಗ ನಾವು ವಾಸಿಸುವ ಈ ಎರಡು ನಗರಗಳ ಸುತ್ತಮುತ್ತಲೇ ನಡೆದ ಕೆಲಸ.

ಯಂತ್ರ ಏನನ್ನು ಅಳೆಯುತ್ತದೆ?

ಎಂ.ಆರ್.ಐ. ಯಂತ್ರವನ್ನು ಎರಡು ರೀತಿಯಲ್ಲಿ ಬಳಸುತ್ತಾರೆ. ಮೊದಲನೆಯದು ರಚನೆಯ ಚಿತ್ರ: ಮಿದುಳಿನ ಯಾವ ಭಾಗ ಎಷ್ಟು ದೊಡ್ಡದು, ಎಷ್ಟು ದಪ್ಪ ಎಂಬ ಅಳತೆ. ಎರಡನೆಯದು ಕ್ರಿಯಾತ್ಮಕ ಎಂ.ಆರ್.ಐ. ನರಕೋಶಗಳು ಚುರುಕಾದ ಕಡೆಗೆ ಆಮ್ಲಜನಕ ತುಂಬಿದ ರಕ್ತ ಹೆಚ್ಚು ಹರಿಯುತ್ತದೆ. ಆಮ್ಲಜನಕ ಇರುವ ಮತ್ತು ಇಲ್ಲದ ಹಿಮೋಗ್ಲೋಬಿನ್‌ಗಳ ಕಾಂತೀಯ ಗುಣ ಬೇರೆ ಬೇರೆ. ಈ ವ್ಯತ್ಯಾಸವನ್ನೇ ಸಂಕೇತವಾಗಿ ಹಿಡಿಯಬಹುದೆಂದು 1990ರಲ್ಲಿ ಸೇಜಿ ಒಗಾವಾ ಮತ್ತು ಸಂಗಡಿಗರು ತೋರಿಸಿದರು. ಆದ್ದರಿಂದ ನಾವು ಪತ್ರಿಕೆಗಳಲ್ಲಿ ನೋಡುವ ಕೆಂಪು-ಹಳದಿ ಕಲೆಗಳು ಆಲೋಚನೆಯ ಫೋಟೋಗಳಲ್ಲ. ರಕ್ತದ ಹರಿವಿನಲ್ಲಿ, ಕೆಲವು ಸೆಕೆಂಡು ತಡವಾಗಿ ಕಾಣಿಸಿಕೊಳ್ಳುವ ಸಣ್ಣ ಏರಿಳಿತಗಳನ್ನು ಹಲವು ಬಾರಿ ಅಳೆದು, ಸರಾಸರಿ ತೆಗೆದು, ಆಮೇಲೆ ಬಣ್ಣ ತುಂಬಿದ ಲೆಕ್ಕದ ಪಟ್ಟಿಗಳವು. ಮೂರನೆಯ ವಿಧಾನ ಪೆಟ್ ಸ್ಕ್ಯಾನ್; ಇದರಲ್ಲಿ ಅಲ್ಪ ಪ್ರಮಾಣದ ವಿಕಿರಣಶೀಲ ವಸ್ತುವನ್ನು ರಕ್ತಕ್ಕೆ ಸೇರಿಸಿ, ಡೋಪಮೈನ್‌ನಂತಹ ರಾಸಾಯನಿಕದ ಚಟುವಟಿಕೆಯನ್ನು ಪರೋಕ್ಷವಾಗಿ ಗುರುತಿಸುತ್ತಾರೆ.

ತುಡಿತದ ನೆಲೆ

ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವ ಪರಿಮಳ ಮೂಗಿಗೆ ಬಿದ್ದೊಡನೆ ಕಾಫಿ ಬೇಕೆನಿಸುವುದು ನಮಗೆಲ್ಲ ಗೊತ್ತು. ಒಂದು ಕ್ಷಣ ಮೊದಲು ಆ ಬಯಕೆ ಇರಲಿಲ್ಲ. ವಸ್ತುವಿಗಿಂತ ಮೊದಲು ಅದರ ಸುಳಿವು ಬರುತ್ತದೆ. ಸುಳಿವೇ ಮಿದುಳನ್ನು ಎಬ್ಬಿಸುತ್ತದೆ. ವ್ಯಸನದ ಚಿತ್ರಣದಲ್ಲಿ ಅತಿ ಹೆಚ್ಚು ಬಳಕೆಯಾಗಿರುವ ಪ್ರಯೋಗವೂ ಇದೇ ತತ್ತ್ವದ ಮೇಲೆ ನಿಂತಿದೆ. ಯಂತ್ರದೊಳಗೆ ಮಲಗಿದವರಿಗೆ ಬಾಟಲಿ, ಸಿಗರೇಟು ಅಥವಾ ಸಿರಿಂಜಿನ ಚಿತ್ರಗಳನ್ನು ತೋರಿಸುವುದು, ನಡುವೆ ನಿರುಪದ್ರವಿ ಚಿತ್ರಗಳನ್ನು ಸೇರಿಸುವುದು, ಎರಡರ ನಡುವಿನ ವ್ಯತ್ಯಾಸವನ್ನು ಅಳೆಯುವುದು. 2006ರಲ್ಲಿ ಅಮೆರಿಕದ ನೋರಾ ವೋಲ್ಕೋವ್ ಅವರ ತಂಡ ಕೊಕೇನ್ ವ್ಯಸನವಿದ್ದ 18 ಮಂದಿಗೆ ಪ್ರಕೃತಿ ದೃಶ್ಯಗಳ ಒಂದು ವಿಡಿಯೊ, ಕೊಕೇನ್ ಬಳಕೆಯ ಇನ್ನೊಂದು ವಿಡಿಯೊ ತೋರಿಸಿ ಪೆಟ್ ಸ್ಕ್ಯಾನ್ ಮಾಡಿತು. ಎರಡನೆಯದನ್ನು ನೋಡುವಾಗ ಡಾರ್ಸಲ್ ಸ್ಟ್ರಯೇಟಮ್ ಎಂಬ ಭಾಗದಲ್ಲಿ ಡೋಪಮೈನ್ ಏರಿತು. ಏರಿಕೆ ಹೆಚ್ಚಾದವರಲ್ಲಿ ತುಡಿತವೂ ಹೆಚ್ಚಾಗಿತ್ತು. ಅಲ್ಲಿ ಕೊಕೇನಿನ ಒಂದು ಕಣವೂ ಇರಲಿಲ್ಲ ಎಂಬುದನ್ನು ಗಮನಿಸಬೇಕು.

ಡೋಪಮೈನ್ ಎಂದರೆ 'ಸುಖದ ರಾಸಾಯನಿಕ' ಎಂಬ ಮಾತು ಜನಪ್ರಿಯವಾಗಿದೆ. ಅದು ಅರ್ಧಸತ್ಯಕ್ಕಿಂತಲೂ ಕಡಿಮೆ. ಮಿಷಿಗನ್ ವಿಶ್ವವಿದ್ಯಾಲಯದ ಟೆರ‍್ರಿ ರಾಬಿನ್ಸನ್ ಮತ್ತು ಕೆಂಟ್ ಬೆರಿಡ್ಜ್ 1993ರಿಂದಲೂ ವಾದಿಸುತ್ತ ಬಂದಿರುವಂತೆ, ಇಷ್ಟಪಡುವುದು ಬೇರೆ, ಬೇಕೆನಿಸುವುದು ಬೇರೆ. ಡೋಪಮೈನ್ ಮುಖ್ಯವಾಗಿ ಎರಡನೆಯದಕ್ಕೆ ಸೇರಿದ್ದು. ವ್ಯಸನ ಬೆಳೆದಂತೆ ಸುಖ ಕುಗ್ಗುತ್ತದೆ, ಬೇಕೆಂಬ ಒತ್ತಡ ಮಾತ್ರ ಹೆಚ್ಚುತ್ತದೆ. 'ಕುಡಿದರೆ ಈಗ ಯಾವ ಸಂತೋಷವೂ ಇಲ್ಲ, ಆದರೂ ಬಿಡಲು ಆಗುತ್ತಿಲ್ಲ' ಎಂದು ಹೇಳುವವರನ್ನು ಮನೆಯವರು ಸುಳ್ಳುಗಾರರೆಂದು ತಿಳಿಯುವುದುಂಟು. ಅವರು ಹೇಳುತ್ತಿರುವುದು ಬಹುಮಟ್ಟಿಗೆ ನಿಜ.

ಇದಕ್ಕೆ ಸಿಡ್ನಿಯ ಓದುಗರಿಗೆ ಹತ್ತಿರದ ಉದಾಹರಣೆ ಪೋಕೀಸ್, ಅಂದರೆ ಜೂಜಿನ ಯಂತ್ರಗಳು. ನ್ಯೂ ಸೌತ್ ವೇಲ್ಸ್‌ನ ಕ್ಲಬ್ ಮತ್ತು ಪಬ್‌ಗಳಲ್ಲಿ ಇಂತಹವು 80,000ಕ್ಕಿಂತ ಹೆಚ್ಚಿವೆ. ಹುಟ್ಟುಹಬ್ಬದ ಊಟಕ್ಕೆಂದು ಹೋದ ಕ್ಲಬ್ಬಿನಲ್ಲಿ ಒಂದು ಬಾಗಿಲಿನಾಚೆಗೆ ಅವು ಮಿನುಗುತ್ತಿರುತ್ತವೆ. ಮೂರು ಚಿತ್ರಗಳು ಸಾಲಾಗಬೇಕಾದಲ್ಲಿ ಎರಡು ಸಾಲಾಗಿ ಮೂರನೆಯದು ಕೂದಲೆಳೆಯಲ್ಲಿ ತಪ್ಪಿದಾಗ ಏನಾಗುತ್ತದೆ? ಕೇಂಬ್ರಿಜ್‌ನಲ್ಲಿ ಲ್ಯೂಕ್ ಕ್ಲಾರ್ಕ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂತಹ 'ಸ್ವಲ್ಪದರಲ್ಲಿ ತಪ್ಪಿದ' ಸೋಲು ಗೆಲುವಿಗೆ ಸ್ಪಂದಿಸುವ ಮಿದುಳಿನ ಜಾಲವನ್ನೇ, ಅಂದರೆ ವೆಂಟ್ರಲ್ ಸ್ಟ್ರಯೇಟಮ್ ಮತ್ತು ಇನ್ಸುಲಾಗಳನ್ನು ಎಬ್ಬಿಸಿತು. ಆಡಿದವರು ಅದನ್ನು ಸಾಮಾನ್ಯ ಸೋಲಿಗಿಂತ ಅಹಿತಕರವೆಂದು ಹೇಳಿದರು. ಆದರೆ ಮತ್ತೆ ಆಡಬೇಕೆಂಬ ಆಸೆ ಅವರಲ್ಲಿ ಹೆಚ್ಚಿತು. ಇಷ್ಟವಿಲ್ಲದೆಯೂ ಬೇಕೆನಿಸುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ಇನ್ನೊಂದು ಪದರವೂ ಇದೆ: ಅಭ್ಯಾಸ. ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಬರ್ನಾರ್ಡ್ ಬ್ಯಾಲೀನ್ ಗುರಿಯಿಟ್ಟು ಮಾಡುವ ಕ್ರಿಯೆಗೂ ಅಭ್ಯಾಸಬಲದ ಕ್ರಿಯೆಗೂ ಇರುವ ಭೇದವನ್ನು ದಶಕಗಳಿಂದ ಅಧ್ಯಯನ ಮಾಡಿದವರು. ಸನ್ನೆ ಒತ್ತಿದರೆ ಆಹಾರ ಸಿಗುತ್ತದೆಂದು ಇಲಿಗೆ ಕಲಿಸಿ, ಅದೇ ಆಹಾರವನ್ನು ಹೊಟ್ಟೆ ತುಂಬ ತಿನ್ನಿಸಿ, ಮತ್ತೆ ಸನ್ನೆಯ ಬಳಿ ಬಿಟ್ಟರೆ ಹೊಸದಾಗಿ ಕಲಿತ ಇಲಿ ಒತ್ತುವುದನ್ನು ಕಡಿಮೆ ಮಾಡುತ್ತದೆ. ಬಹುಕಾಲ ಪಳಗಿದ ಇಲಿ, ಬೇಡವಾದ ಆಹಾರಕ್ಕೂ ಒತ್ತುತ್ತಲೇ ಇರುತ್ತದೆ. ಮೊದಲನೆಯದಕ್ಕೆ ಸ್ಟ್ರಯೇಟಮ್‌ನ ಒಳಭಾಗ, ಎರಡನೆಯದಕ್ಕೆ ಹೊರಭಾಗ ಆಧಾರ. ದೇವರ ಮುಂದೆ ಮಾಡಿದ ಆಣೆ ಸಂಜೆ ಆರಕ್ಕೆ ಏಕೆ ಮುರಿಯುತ್ತದೆ ಎಂಬುದಕ್ಕೆ ಇಲ್ಲಿ ಒಂದು ವಿವರಣೆಯಿದೆ. ಆಣೆ ಮಾಡಿದ್ದು ಗುರಿಯನ್ನು ಬಲ್ಲ ಭಾಗ. ಕೈ ಚಾಚುವುದು ಇನ್ನೊಂದು.

ಗಾಂಜಾ ಮತ್ತು ಹಿಪ್ಪೋಕ್ಯಾಂಪಸ್: ಮೂರು ಅಧ್ಯಯನಗಳು

ಆಸ್ಟ್ರೇಲಿಯಾದ ಕೊಡುಗೆಯಲ್ಲಿ ಹೆಚ್ಚು ಚರ್ಚೆಗೆ ಒಳಗಾದದ್ದು ಗಾಂಜಾ ಕುರಿತಾದ ಕೆಲಸ. ಆಗ ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿದ್ದ ಮುರಾತ್ ಯೂಜೆಲ್ ಮತ್ತು ಸಿಡ್ನಿಯ ದಕ್ಷಿಣಕ್ಕಿರುವ ವುಲೊಂಗಾಂಗ್ ವಿಶ್ವವಿದ್ಯಾಲಯದ ನಾಡಿಯಾ ಸೊಲೊವಿ ಮತ್ತಿತರರು 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹತ್ತು ವರ್ಷಕ್ಕೂ ಹೆಚ್ಚು ಕಾಲ, ದಿನಕ್ಕೆ ಐದಕ್ಕಿಂತ ಹೆಚ್ಚು ಗಾಂಜಾ ಸಿಗರೇಟು ಸೇದಿದ 15 ಪುರುಷರನ್ನು, ಗಾಂಜಾ ಬಳಸದ 16 ಮಂದಿಯೊಂದಿಗೆ ಹೋಲಿಸಲಾಯಿತು. ನೆನಪಿಗೆ ಆಧಾರವಾದ ಹಿಪ್ಪೋಕ್ಯಾಂಪಸ್ ಬಳಕೆದಾರರಲ್ಲಿ ಸರಾಸರಿ 12 ಶೇಕಡಾ, ಭಾವನೆಗಳಿಗೆ ಸಂಬಂಧಿಸಿದ ಅಮಿಗ್ಡಲಾ ಸುಮಾರು 7 ಶೇಕಡಾ ಚಿಕ್ಕದಾಗಿದ್ದವು. ಗಾಂಜಾದಿಂದ ಮಿದುಳು ಕುಗ್ಗುತ್ತದೆ ಎಂದೇ ಬಹಳ ಜನ ಇದನ್ನು ಓದಿಕೊಂಡರು.

ಆದರೆ ಒಂದೇ ಸಲ ತೆಗೆದ ಚಿತ್ರ ಯಾವುದು ಮೊದಲು, ಯಾವುದು ನಂತರ ಎಂಬುದನ್ನು ಹೇಳಲಾರದು. ಗಾಂಜಾ ಮಿದುಳನ್ನು ಬದಲಿಸಿತೋ, ಅಥವಾ ಅಂತಹ ಮಿದುಳಿದ್ದವರು ಗಾಂಜಾದೆಡೆಗೆ ಹೋದರೋ? ಮೆಲ್ಬರ್ನ್‌ನಲ್ಲಿ 12 ವರ್ಷದ 155 ಮಕ್ಕಳ ಮಿದುಳಿನ ಚಿತ್ರ ತೆಗೆದು, ನಾಲ್ಕು ವರ್ಷ ಕಾದು, ಅವರಲ್ಲಿ 121 ಮಂದಿಯನ್ನು 16ನೆಯ ವಯಸ್ಸಿನಲ್ಲಿ ಮತ್ತೆ ವಿಚಾರಿಸಲಾಯಿತು. ಆಲಿ ಚೀತಮ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿತ್ತು: ಗಾಂಜಾ ಆರಂಭಿಸಿದವರಲ್ಲಿ, ನಿರ್ಧಾರ ಕೈಗೊಳ್ಳುವುದಕ್ಕೆ ನೆರವಾಗುವ ಆರ್ಬಿಟೋಫ್ರಾಂಟಲ್ ಭಾಗ 12ನೆಯ ವಯಸ್ಸಿನಲ್ಲಿಯೇ ಚಿಕ್ಕದಾಗಿತ್ತು. ಹಿಪ್ಪೋಕ್ಯಾಂಪಸ್‌ನಲ್ಲಿ ಅಂತಹ ಮುನ್ಸೂಚನೆ ಇರಲಿಲ್ಲ. ಅಂದರೆ ಕೆಲವು ವ್ಯತ್ಯಾಸಗಳು ಬಳಕೆಗಿಂತ ಮುಂಚಿನವು, ಕೆಲವು ಬಹುಶಃ ಅದರ ಪರಿಣಾಮ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿವೇಕ್ ಬೆನೆಗಲ್ ಅವರ ತಂಡ ಇದೇ ಪ್ರಶ್ನೆಯನ್ನು ಕುಡಿತದ ವಿಷಯದಲ್ಲಿ ಇನ್ನೂ ಮೊದಲೇ ಕೇಳಿತ್ತು. ಮದ್ಯವ್ಯಸನಿ ತಂದೆಯರ, ಆದರೆ ಸ್ವತಃ ಮದ್ಯವನ್ನು ಮುಟ್ಟದ ಯುವಕರನ್ನು ಅವರು ಅಧ್ಯಯನ ಮಾಡಿದರು. 2007ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಆ ಯುವಕರ ಮಿದುಳಿನ ಮುಂಭಾಗ, ಅಮಿಗ್ಡಲಾ, ಥ್ಯಾಲಮಸ್ ಮುಂತಾದೆಡೆ ಬೂದುಭಾಗದ ಗಾತ್ರ ಕಡಿಮೆಯಿತ್ತು. ಒಂದು ಹನಿಯೂ ಕುಡಿಯದವರಲ್ಲಿ ಕಂಡ ಈ ವ್ಯತ್ಯಾಸಕ್ಕೆ ಮದ್ಯ ಕಾರಣವಾಗಿರಲು ಸಾಧ್ಯವಿಲ್ಲ. ಇದನ್ನು 'ಹಣೆಬರಹ' ಎಂದು ಓದುವವರಿದ್ದಾರೆ, ಹಾಗೆ ಓದಕೂಡದು. ಅಪಾಯ ಹೆಚ್ಚಿದೆ ಎಂಬುದಷ್ಟೇ ಅದರ ಅರ್ಥ. ಮದ್ಯವ್ಯಸನಿಗಳ ಮಕ್ಕಳಲ್ಲಿ ಎಷ್ಟೋ ಮಂದಿ ಆ ದಾರಿ ಹಿಡಿಯುವುದಿಲ್ಲ.

ಮೂರನೆಯ ಅಧ್ಯಯನ ಯೂಜೆಲ್, ಸೊಲೊವಿ ಮತ್ತು ಸಂಗಡಿಗರದೇ, 2016ರದು. ಸರಾಸರಿ 15 ವರ್ಷ ಗಾಂಜಾ ಬಳಸಿದ 74 ಮಂದಿ, ಬಳಸದ 37 ಮಂದಿ. ಗಾಂಜಾದಲ್ಲಿ ಅಮಲೇರಿಸುವ ಟಿ.ಎಚ್.ಸಿ. ಜೊತೆಗೆ ಕ್ಯಾನಬಿಡಿಯಾಲ್ ಎಂಬ ಇನ್ನೊಂದು ಅಂಶವೂ ಇರಬಹುದು. ಕ್ಯಾನಬಿಡಿಯಾಲ್ ಇಲ್ಲದೆ ಟಿ.ಎಚ್.ಸಿ.ಗೆ ಒಡ್ಡಿಕೊಂಡವರಲ್ಲಿ ಹಿಪ್ಪೋಕ್ಯಾಂಪಸ್ ಸುಮಾರು 11 ಶೇಕಡಾ ಚಿಕ್ಕದಾಗಿತ್ತು. ಆದರೆ ಬಳಕೆ ಬಿಟ್ಟು ಸರಾಸರಿ 29 ತಿಂಗಳು ಕಳೆದವರಲ್ಲಿ, ಬಳಸದವರಿಗೂ ಇವರಿಗೂ ವ್ಯತ್ಯಾಸ ಕಾಣಲಿಲ್ಲ. ಅದೇ ವ್ಯಕ್ತಿಗಳನ್ನು ಮೊದಲೂ ಆಮೇಲೂ ಅಳೆದ ಅಧ್ಯಯನ ಇದಲ್ಲವಾದ್ದರಿಂದ ಚೇತರಿಕೆ ಸಿದ್ಧವಾಯಿತು ಎನ್ನಲಾಗದು. ಆದರೂ 2008ರ ಸಂಖ್ಯೆಯನ್ನು ಹೇಳುವವರು 2016ರ ಸಂಖ್ಯೆಯನ್ನೂ ಹೇಳಬೇಕು. ಮೊದಲನೆಯದಷ್ಟನ್ನೇ ಕೇಳಿದ ಇಪ್ಪತ್ತರ ಯುವಕ 'ನನ್ನ ಮಿದುಳು ಹೋಯಿತು, ಇನ್ನು ಬಿಟ್ಟು ಏನು ಪ್ರಯೋಜನ' ಎಂದುಕೊಳ್ಳಬಹುದು.

ಕುಗ್ಗುವಿಕೆ ಎಂದರೆ ಕೋಶಗಳ ಸಾವೇ ಎಂಬುದೂ ಬಿಡಿಸಿ ನೋಡಬೇಕಾದ ಪ್ರಶ್ನೆ. ಸಿಡ್ನಿ ವಿಶ್ವವಿದ್ಯಾಲಯದ ಕ್ಲೈವ್ ಹಾರ್ಪರ್ ಮತ್ತು ಜಿಲಿಯನ್ ಕ್ರಿಲ್ ಇದಕ್ಕೆ ಸ್ಕ್ಯಾನ್‌ನಿಂದಲ್ಲ, ಮರಣಾನಂತರ ಸೂಕ್ಷ್ಮದರ್ಶಕದಡಿ ಕೋಶಗಳನ್ನು ಎಣಿಸಿ ಉತ್ತರ ಹುಡುಕಿದರು. ಅತಿಯಾಗಿ ಕುಡಿದವರ ಮಿದುಳಿನ ಮುಂಭಾಗದ ಒಂದು ಪ್ರದೇಶದಲ್ಲಿ ನರಕೋಶಗಳು 22 ಶೇಕಡಾ ಕಡಿಮೆ ಇದ್ದವೆಂದು ಅವರು 1980ರ ದಶಕದಲ್ಲಿ ವರದಿ ಮಾಡಿದರು. ಆ ನಷ್ಟ ಮರಳುವುದಿಲ್ಲ. ಆದರೆ ಒಟ್ಟು ಕುಗ್ಗುವಿಕೆಯ ದೊಡ್ಡ ಪಾಲು ಕೋಶಗಳನ್ನು ಜೋಡಿಸುವ ಬಿಳಿಭಾಗದ್ದೆಂದೂ, ಮದ್ಯ ಬಿಟ್ಟವರಲ್ಲಿ ಅದರ ಒಂದಂಶ ತಿರುಗಿ ತುಂಬಿಕೊಳ್ಳುತ್ತದೆಂದೂ ಕಂಡುಬಂದಿದೆ.

ಚಿತ್ರ ಹೇಳಲಾರದ್ದು

ಇಷ್ಟೆಲ್ಲ ಇದ್ದೂ ವೈದ್ಯರು ವ್ಯಸನಕ್ಕೆ ಸ್ಕ್ಯಾನ್ ಏಕೆ ಬರೆಯುವುದಿಲ್ಲ? ಮೊದಲ ಕಾರಣ, ಮೇಲಿನ ಎಲ್ಲ ಸಂಖ್ಯೆಗಳೂ ಸರಾಸರಿಗಳು. ಗಂಡಸರು ಹೆಂಗಸರಿಗಿಂತ ಸರಾಸರಿಯಲ್ಲಿ ಎತ್ತರವೆಂಬುದು ನಿಜವಾದರೂ, ಎತ್ತರವನ್ನಷ್ಟೇ ಹೇಳಿದರೆ ಆ ವ್ಯಕ್ತಿ ಗಂಡೋ ಹೆಣ್ಣೋ ತಿಳಿಯದು. ಎರಡನೆಯದಾಗಿ, ವೆಂಟ್ರಲ್ ಸ್ಟ್ರಯೇಟಮ್ ತುಡಿತಕ್ಕೆ ಮಾತ್ರ ಮೀಸಲಾದ ಅಂಗವಲ್ಲ. ಹಣ, ಹೊಗಳಿಕೆ, ಮೆಚ್ಚಿನ ಸಂಗೀತ ಎಲ್ಲಕ್ಕೂ ಅದು ಸ್ಪಂದಿಸುತ್ತದೆ. ಅದು ಎಚ್ಚೆತ್ತಿದೆ ಎಂದ ಮಾತ್ರಕ್ಕೆ ತುಡಿತವಿದೆ ಎನ್ನುವುದು, ಹೊಗೆ ಕಂಡಲ್ಲೆಲ್ಲ ಅಡುಗೆಯಾಗುತ್ತಿದೆ ಎಂದಂತೆ. ಮೂರನೆಯದು ಅಳತೆಯ ಸ್ಥಿರತೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಒಬ್ಬರನ್ನೇ ಎರಡು ಬಾರಿ ಪರೀಕ್ಷಿಸಿದರೆ ಕ್ರಿಯಾತ್ಮಕ ಚಿತ್ರಗಳ ಅಳತೆಗಳು ಹೊಂದುವ ಪ್ರಮಾಣ, ಪೂರ್ಣ ಹೊಂದಿಕೆಯನ್ನು 1 ಎಂದಿಟ್ಟರೆ, ಸುಮಾರು 0.4 ಮಾತ್ರ. ಅಂತಹ ತಕ್ಕಡಿಯಲ್ಲಿ ಯಾರೂ ಚಿನ್ನ ಕೊಳ್ಳುವುದಿಲ್ಲ. ಬಣ್ಣದ ಚಿತ್ರ ತೋರಿಸಿ ಒಬ್ಬೊಬ್ಬರ ವ್ಯಸನವನ್ನು ಪತ್ತೆಹಚ್ಚುತ್ತೇವೆ ಎನ್ನುವ ವಾಣಿಜ್ಯ ಜಾಹೀರಾತುಗಳನ್ನು ಈ ಬೆಳಕಿನಲ್ಲಿ ನೋಡಬೇಕು.

'ಮಿದುಳಿನ ಕಾಯಿಲೆ' ಎಂಬ ಹೆಸರು

1997ರಲ್ಲಿ ಅಮೆರಿಕದ ರಾಷ್ಟ್ರೀಯ ಮಾದಕವಸ್ತು ಸಂಸ್ಥೆಯ ಅಂದಿನ ಮುಖ್ಯಸ್ಥ ಆಲನ್ ಲೆಶ್ನರ್, ವ್ಯಸನವು ಮಿದುಳಿನ ಕಾಯಿಲೆ ಎಂದು 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಹಾಗೆಂದರೆ ಜನ ದೂಷಿಸುವುದನ್ನು ಬಿಟ್ಟು ಚಿಕಿತ್ಸೆಗೆ ನೆರವಾಗುತ್ತಾರೆ ಎಂಬುದು ನಿರೀಕ್ಷೆ. ಇದನ್ನು ಗಂಭೀರವಾಗಿ ಪ್ರಶ್ನಿಸಿದವರಲ್ಲಿ ಆಸ್ಟ್ರೇಲಿಯನ್ನರು ಮುಂಚೂಣಿಯಲ್ಲಿದ್ದಾರೆ. ಹಿಂದೆ ಸಿಡ್ನಿಯ ರಾಷ್ಟ್ರೀಯ ಮಾದಕವಸ್ತು ಮತ್ತು ಮದ್ಯ ಸಂಶೋಧನಾ ಕೇಂದ್ರದ ನಿರ್ದೇಶಕರಾಗಿದ್ದ ವೇಯ್ನ್ ಹಾಲ್, ಏಡ್ರಿಯನ್ ಕಾರ್ಟರ್ ಮತ್ತು ಸಿಂತಿಯಾ ಫೋರ್ಲಿನಿ 2015ರಲ್ಲಿ 'ಲ್ಯಾನ್ಸೆಟ್ ಸೈಕಿಯಾಟ್ರಿ'ಯಲ್ಲಿ ಬರೆದ ಲೇಖನದ ವಾದವೆಂದರೆ, ಈ ಮಾದರಿಗೆ ಹೇಳಿದಷ್ಟು ಸಾಕ್ಷ್ಯವಿಲ್ಲ, ಅದು ಕೊಟ್ಟ ಭರವಸೆಗಳೂ ಈಡೇರಿಲ್ಲ. ಹೆಚ್ಚು ಜನರನ್ನು ಕಾಪಾಡಿದ್ದು ತೆರಿಗೆ, ಜಾಹೀರಾತು ನಿಷೇಧದಂತಹ ಸಾರ್ವಜನಿಕ ಕ್ರಮಗಳು.

ಮೆಲ್ಬರ್ನ್ ವಿಶ್ವವಿದ್ಯಾಲಯದ ನಿಕ್ ಹ್ಯಾಸ್ಲಮ್ ಮತ್ತು ಸಂಗಡಿಗರು 2013ರಲ್ಲಿ ಕಂಡುಕೊಂಡದ್ದು ನಮ್ಮ ಮನೆಗಳಿಗೆ ಇನ್ನಷ್ಟು ಹತ್ತಿರದ್ದು. ಮಾನಸಿಕ ಸಮಸ್ಯೆಗಳಿಗೆ ಜೈವಿಕ ಕಾರಣಗಳನ್ನು ಹೇಳಿದಾಗ ಜನ ರೋಗಿಯನ್ನು ದೂಷಿಸುವುದು ಕಡಿಮೆಯಾಗುತ್ತದೆ. ಆದರೆ ಗುಣವಾಗುವ ಬಗ್ಗೆ ಅವರ ನಿರಾಶೆ ಹೆಚ್ಚುತ್ತದೆ. 'ಪಾಪ, ಅವನ ತಪ್ಪಲ್ಲ' ಎಂಬ ಮಾತು ಎಷ್ಟು ಬೇಗ 'ಇನ್ನು ಅವನು ಸರಿಹೋಗುವುದಿಲ್ಲ' ಎಂಬ ಮಾತಾಗುತ್ತದೆ ಎಂಬುದನ್ನು ಬಲ್ಲವರಿಗೆ ಈ ಫಲಿತಾಂಶ ಆಶ್ಚರ್ಯ ತರದು. ಈ ಲೇಖಕನ ಅಭಿಪ್ರಾಯದಲ್ಲಿ, ಮಿದುಳಿನ ಚಿತ್ರಗಳಿಂದ ಕುಟುಂಬವೊಂದು ಪಡೆಯಬೇಕಾದದ್ದು ರೋಗದ ಹೆಸರಲ್ಲ, ಕಾರ್ಯವಿಧಾನದ ತಿಳಿವಳಿಕೆ: ತುಡಿತ ಸುಳಿವಿನಿಂದ ಏಳುತ್ತದೆ, ಏರಿ ಇಳಿಯುತ್ತದೆ, ತರಬೇತಿಗೆ ಬಗ್ಗುತ್ತದೆ.

ಪ್ರಯೋಗಾಲಯದಿಂದ ವಾರ್ಡಿಗೆ

ಬಗ್ಗುತ್ತದೆ ಎಂಬುದಕ್ಕೆ ಆಧಾರ ಮೆಲ್ಬರ್ನ್‌ನಲ್ಲಿಯೇ ಇದೆ. ರಿಚ್ಮಂಡ್‌ನಲ್ಲಿರುವ ಟರ್ನಿಂಗ್ ಪಾಯಿಂಟ್ ಸಂಸ್ಥೆಯ ವಿಕ್ಟೋರಿಯಾ ಮ್ಯಾನಿಂಗ್, ಡ್ಯಾನ್ ಲುಬ್‌ಮನ್ ಮೊದಲಾದವರು, ಮದ್ಯ ಬಿಡಿಸಲು ದಾಖಲಾಗಿದ್ದ 300 ಮಂದಿಯ ಮೇಲೆ ಒಂದು ಪ್ರಯೋಗ ನಡೆಸಿ 2021ರಲ್ಲಿ ಪ್ರಕಟಿಸಿದರು. ಪರದೆಯ ಮೇಲೆ ಮದ್ಯದ ಚಿತ್ರ ಬಂದಾಗ ಜಾಯ್‌ಸ್ಟಿಕ್ಕನ್ನು ದೂರ ತಳ್ಳಬೇಕು, ಚಿತ್ರ ಕಿರಿದಾಗುತ್ತ ಹೋಗುತ್ತದೆ; ಇತರ ಪಾನೀಯದ ಚಿತ್ರ ಬಂದಾಗ ಹತ್ತಿರಕ್ಕೆಳೆಯಬೇಕು, ಚಿತ್ರ ಹಿರಿದಾಗುತ್ತದೆ. ನಾಲ್ಕೇ ಅವಧಿಗಳ ತರಬೇತಿ. ಬಿಡುಗಡೆಯಾದ ಎರಡು ವಾರ ಮದ್ಯ ಮುಟ್ಟದೆ ಇದ್ದವರು ತರಬೇತಿ ಪಡೆದ ಗುಂಪಿನಲ್ಲಿ 54.4 ಶೇಕಡಾ, ಹೋಲಿಕೆಯ ಗುಂಪಿನಲ್ಲಿ 42.5 ಶೇಕಡಾ. ಎರಡು ವಾರ ಸಣ್ಣ ಅವಧಿಯೇ. ಆದರೆ ಮರುಕಳಿಕೆ ಅತಿ ಹೆಚ್ಚಾಗಿ ಸಂಭವಿಸುವುದು ಆ ದಿನಗಳಲ್ಲೇ. ಇಂತಹುದೇ ತರಬೇತಿ ಮದ್ಯದ ಚಿತ್ರಗಳಿಗೆ ಅಮಿಗ್ಡಲಾ ತೋರುವ ಸ್ಪಂದನವನ್ನು ತಗ್ಗಿಸಿತೆಂದು ಬರ್ಲಿನ್‌ನ ಚಿತ್ರಣ ಅಧ್ಯಯನವೊಂದು ಅದಕ್ಕೂ ಮೊದಲೇ ತೋರಿಸಿತ್ತು. ಮೆಲ್ಬರ್ನ್ ತಂಡ ಆಮೇಲೆ 'ಸ್ವೈಪ್' ಎಂಬ ಫೋನ್ ಆ್ಯಪ್ ರೂಪಿಸಿತು. ಅದರಲ್ಲಿ ಬಳಕೆದಾರರು ತಾವೇ ಕುಡಿಯುವ ಮದ್ಯದ ಚಿತ್ರಗಳನ್ನು ಸೇರಿಸಿಕೊಂಡು ಬೆರಳಿನಿಂದ ದೂರ ಸರಿಸಬಹುದು.

ಔಷಧಗಳ ವಿಷಯದಲ್ಲೂ ಚಿತ್ರಣ ನೆರವಾಗಿದೆ. ಮದ್ಯವ್ಯಸನಕ್ಕೆ ಕೊಡುವ ನಾಲ್ಟ್ರೆಕ್ಸೋನ್, ಮದ್ಯದ ಚಿತ್ರಗಳಿಗೆ ವೆಂಟ್ರಲ್ ಸ್ಟ್ರಯೇಟಮ್ ತೋರುವ ಸ್ಪಂದನವನ್ನು ತಗ್ಗಿಸುತ್ತದೆಂದು 2008ರ ಅಮೆರಿಕನ್ ಅಧ್ಯಯನವೊಂದು ತೋರಿಸಿತು. ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಎರಡೂ ಇಲ್ಲಿನ ಸರ್ಕಾರಿ ರಿಯಾಯಿತಿ ಔಷಧ ಪಟ್ಟಿಯಲ್ಲಿವೆ. ಹಾಗಿದ್ದೂ ಇವುಗಳ ಹೆಸರನ್ನೇ ಕೇಳದ ಮನೆಗಳು ಬಹಳ.

ಸುಳಿವನ್ನೇ ಕಣ್ಣಿಂದ ಮರೆಮಾಡುವುದು ಇನ್ನೊಂದು ದಾರಿ, ಮತ್ತು ಅದು ಸರ್ಕಾರದ ಕೈಯಲ್ಲಿರುವಂಥದು. 2012ರ ಡಿಸೆಂಬರ್ 1ರಿಂದ ಆಸ್ಟ್ರೇಲಿಯಾ, ಜಗತ್ತಿನಲ್ಲೇ ಮೊದಲ ಬಾರಿಗೆ, ಸಿಗರೇಟು ಪೊಟ್ಟಣಗಳಿಂದ ಬಣ್ಣ-ಲಾಂಛನಗಳನ್ನು ತೆಗೆದು ಮಂಕು ಕಂದು ಬಣ್ಣವನ್ನು ಕಡ್ಡಾಯಗೊಳಿಸಿತು. ಆ ಬದಲಾವಣೆಯ ಹೊತ್ತಿನಲ್ಲಿ ವಿಕ್ಟೋರಿಯಾ ರಾಜ್ಯದ 536 ಧೂಮಪಾನಿಗಳನ್ನು ಮೆಲನಿ ವೇಕ್‌ಫೀಲ್ಡ್ ಮತ್ತು ಸಂಗಡಿಗರು ಮಾತನಾಡಿಸಿದಾಗ, ಹೊಸ ಪೊಟ್ಟಣದಿಂದ ಸೇದುತ್ತಿದ್ದವರು ಸಿಗರೇಟು ಮೊದಲಿನಷ್ಟು ತೃಪ್ತಿ ಕೊಡುತ್ತಿಲ್ಲವೆಂದೂ, ಬಿಡುವ ಯೋಚನೆ ಹೆಚ್ಚಾಗಿ ಬರುತ್ತಿದೆಯೆಂದೂ ಹೇಳಿದರು. ಸಿಡ್ನಿಯಲ್ಲಿ ಪಬ್ಬುಗಳ ಹೊರಗೆ ಹೊಳೆಯುತ್ತಿದ್ದ 'ವಿಐಪಿ ಲೌಂಜ್' ಫಲಕಗಳು ಈಗ ಕಾಣುವುದಿಲ್ಲ; ಜೂಜುಯಂತ್ರಗಳ ಕೋಣೆಯನ್ನು ಸೂಚಿಸುವ ಹೊರಫಲಕಗಳನ್ನು ನ್ಯೂ ಸೌತ್ ವೇಲ್ಸ್ 2023ರ ಸೆಪ್ಟೆಂಬರ್ 1ರಿಂದ ನಿಷೇಧಿಸಿದೆ. ಯಂತ್ರಗಳು ಮಾತ್ರ ಒಳಗೆ ಹಾಗೆಯೇ ಇವೆ.

ನೆರವು ಬೇಕಾದವರು ಮೊದಲು ಹೋಗಬೇಕಾದದ್ದು ಕುಟುಂಬ ವೈದ್ಯರ ಬಳಿಗೆ, ಸ್ಕ್ಯಾನ್ ಕೇಂದ್ರಕ್ಕಲ್ಲ. ದಿನವೂ ಅತಿಯಾಗಿ ಕುಡಿಯುವವರು ಮನೆಯವರ ಒತ್ತಾಯಕ್ಕೆ ಥಟ್ಟನೆ ನಿಲ್ಲಿಸುವುದು ಅಪಾಯಕಾರಿ. ಸೆಳೆತ ಮತ್ತು ಸನ್ನಿ ಬರಬಹುದು, ಆದ್ದರಿಂದ ಅದು ವೈದ್ಯರ ನಿಗಾದಲ್ಲೇ ಆಗಬೇಕು. ಮದ್ಯ ಮತ್ತು ಮಾದಕವಸ್ತುಗಳ ರಾಷ್ಟ್ರೀಯ ಸಹಾಯವಾಣಿ 1800 250 015, ಜೂಜಿನ ಸಹಾಯವಾಣಿ 1800 858 858. ಊರಿನಿಂದ ಬಂದಿರುವ, ಇಂಗ್ಲಿಷ್ ಸರಾಗವಿಲ್ಲದ ತಂದೆತಾಯಿಗಳಿಗಾಗಿ 131 450ಕ್ಕೆ ಕರೆ ಮಾಡಿ ಕನ್ನಡ ದುಭಾಷಿಯನ್ನು ಕೇಳಬಹುದು. ಮಾತನಾಡಬೇಕಾದವರು ವ್ಯಸನಿಯೇ ಆಗಿರಬೇಕಿಲ್ಲ. ಈ ಸಹಾಯವಾಣಿಗಳು ಮನೆಯವರ ಕರೆಯನ್ನೂ ಸ್ವೀಕರಿಸುತ್ತವೆ.